ಹಳೆ ದೋಣಿಯ ಔಟ್‌ಬೋರ್ಡ್ ಇಂಜಿನ್ ಹಿಡಿದುಕೊಂಡಿದೆಯೇ? ಬಿಡಿಸುವ ಕ್ರಮ ಇಲ್ಲಿದೆ

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ದೋಣಿಯ ಹಿಂಬದಿಗೆ ಸಿಕ್ಕಿಸುವ, 10 ಎಚ್‌ಪಿ ಮೀರಿದ ಇಂಜಿನ್‌ಗಳು ಶೆಡ್ಡಿನಲ್ಲೋ, ತಾಡಪಾಲಿನ ಕೆಳಗೋ ಸುಮ್ನೆ ಕೂತಿರುತ್ತವೆ. ಹೊರಗೆ ಎಡೆಬಿಡದ ಮಳೆ, ಒಳಗೆ ಉಪ್ಪಿನ ಪಸೆ. ಆಗಸ್ಟ್ ಬಂತೆಂದರೆ ಕಾರವಾರದ ಬೈತಖೋಲದಿಂದ ತದಡಿ, ಕಾಸರಕೋಡಿನವರೆಗೆ ಒಂದೇ ದೂರು: "ಹಗ್ಗ ಎಳೆದರೆ ಬರ್ತಾನೇ ಇಲ್ಲ." ಸೆಕೆಂಡ್‌ಹ್ಯಾಂಡ್ ದೋಣಿ ಕೊಂಡವರ ಬಾಯಲ್ಲಿ ಈ ಮಾತು ಇನ್ನೂ ಜಾಸ್ತಿ.

ಆಮೇಲೆ ನಡೆಯುವುದೂ ಒಂದೇ ಥರ. ಇಬ್ಬರು ಸೇರಿ ಹಗ್ಗ ಜಗ್ಗುತ್ತಾರೆ. ಬರದಿದ್ದರೆ ಪ್ಲಗ್ ತೂತಿಗೆ ಡೀಸೆಲ್ ಸುರಿದು ಮರುದಿನ ಮತ್ತೆ ಜಗ್ಗುತ್ತಾರೆ. ಆಮೇಲೆ ಸುತ್ತಿಗೆ ಬರುತ್ತದೆ. ಅಷ್ಟೊತ್ತಿಗೆ ಗೇರ್‌ಬಾಕ್ಸಿನ ಒಂದು ಬೇರಿಂಗ್ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಗ್ಗುವ ತನಕ ಹೋಗಿರುತ್ತದೆ. ಇಂಜಿನ್ ಎಲ್ಲಿ ಹಿಡಿದಿದೆ ಎಂದು ಗೊತ್ತಾಗುವ ತನಕ ಬಲ ಹಾಕಬಾರದು. ಹೊರಗಿನಿಂದ ಒಳಕ್ಕೆ ಒಂದೊಂದೇ ಭಾಗ ಬೇರ್ಪಡಿಸಿ ನೋಡುತ್ತಾ ಹೋಗಬೇಕು. ಕೆಳಗಿನ ಹಂತಗಳ ಕ್ರಮ ತಪ್ಪಿಸಬೇಡಿ. ಕೆಲಸ ಕೆಡುವುದು ಹೆಚ್ಚಾಗಿ ಕ್ರಮ ತಪ್ಪಿದಾಗಲೇ.

ಇಲ್ಲಿ ಹೇಳಿರುವುದು ಮುಖ್ಯವಾಗಿ ನಾಡದೋಣಿಗಳಲ್ಲಿ ಕಾಣುವ 8ರಿಂದ 40 ಎಚ್‌ಪಿವರೆಗಿನ ಟೂ ಸ್ಟ್ರೋಕ್ ಇಂಜಿನ್‌ಗಳ ಬಗ್ಗೆ. ಫೋರ್ ಸ್ಟ್ರೋಕ್ ಆದರೆ ಎಲ್ಲಿ ವ್ಯತ್ಯಾಸ ಬರುತ್ತದೋ ಅಲ್ಲಿ ಹೇಳಿದ್ದೇನೆ.

ಹಂತ 1: ಮೊದಲು ಇಂಜಿನ್ನಿನ ಕಥೆ ಕೇಳಿ

ಮಾರಿದವರನ್ನು ಒಂದೇ ಪ್ರಶ್ನೆ ಕೇಳಿ: ಇದು ಕೊನೆಯ ಸಲ ಹೇಗೆ ನಿಂತಿತು? ಉತ್ತರ ಮೂರರಲ್ಲಿ ಒಂದಾಗಿರುತ್ತದೆ.

ಮೊದಲನೆಯದು, ಚೆನ್ನಾಗಿಯೇ ಓಡುತ್ತಿತ್ತು, ನಿಲ್ಲಿಸಿ ಇಟ್ಟಿದ್ದೆವು, ಈಗ ತಿರುಗುತ್ತಿಲ್ಲ. ಇದು ತುಕ್ಕಿನ ಹಿಡಿತ. ಪಿಸ್ಟನ್ ರಿಂಗ್ ಬೋರಿಗೆ, ಎಂದರೆ ಸಿಲಿಂಡರಿನ ಒಳಗೋಡೆಗೆ ಅಂಟಿರುತ್ತದೆ. ಬಿಡುವ ಸಾಧ್ಯತೆ ಜಾಸ್ತಿ ಇರುವುದು ಇದರಲ್ಲೇ.

ಎರಡನೆಯದು, ಓಡುತ್ತಿರುವಾಗಲೇ ದನಿ ಇಳಿದು ಗಕ್ಕನೆ ನಿಂತಿತು. ಇದು ಬಿಸಿಯ ಹಿಡಿತ. ಎಣ್ಣೆ ಬೆರೆಸಿಲ್ಲ, ಇಲ್ಲವೇ ತಂಪಿನ ನೀರು ಮೇಲೆ ಬಂದಿಲ್ಲ. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಬೋರಿಗೆ ಮೆತ್ತಿಕೊಂಡಿರುತ್ತದೆ. ತಣ್ಣಗಾದ ಮೇಲೆ ಇಂಥದ್ದು ಕೆಲವೊಮ್ಮೆ ತಾನಾಗಿಯೇ ತಿರುಗುತ್ತದೆ. ಹಾಗೆಂದು ಸರಿಯಾಯಿತು ಅಂದುಕೊಳ್ಳಬೇಡಿ, ಒಳಗೆ ಗೀರು ಬಿದ್ದೇ ಇರುತ್ತದೆ.

ಮೂರನೆಯದು, ನೀರಿಗೆ ಬಿದ್ದಿತ್ತು. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಕವರ್ ತೆಗೆದು ಫ್ಲೈವೀಲ್ (ಇಂಜಿನ್ನಿನ ತಲೆಯ ಮೇಲಿನ ಭಾರದ ಚಕ್ರ) ಅಡಿಯ ಸಂದಿ, ವಯರ್ ಕ್ಲಿಪ್, ಕಾರ್ಬೊರೇಟರ್ ಹಿಂಭಾಗ ನೋಡಿ. ಅಲ್ಲಿ ಸಣ್ಣ ಮರಳು, ಒಣಗಿದ ಕೆಸರಿನ ಗೆರೆ, ವಯರ್ ತುದಿಯಲ್ಲಿ ಹಸಿರು ಪುಡಿ ಕಂಡರೆ ಇಂಜಿನ್ ಮುಳುಗಿದ್ದು ಹೌದು. ಹೊರಗೆಲ್ಲ ಹೊಸ ಬಣ್ಣ ಹೊಡೆದಿದ್ದರೆ ಇನ್ನೂ ಹುಷಾರಾಗಿ ನೋಡಿ. ಮುಳುಗಿದ ಇಂಜಿನ್ನಿನಲ್ಲಿ ಹಿಡಿದಿರುವುದು ಹೆಚ್ಚಾಗಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಮುಖ್ಯ ಶಾಫ್ಟ್) ಬೇರಿಂಗ್. ಅದಕ್ಕೆ ಪ್ಲಗ್ ತೂತಿನಿಂದ ಎಣ್ಣೆ ಹಾಕಿ ಪ್ರಯೋಜನವಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ನಿಮ್ಮ ಇಂಜಿನ್ ಈಗಷ್ಟೇ ಮುಳುಗಿ ಮೇಲೆ ಬಂದಿದ್ದರೆ ಒಣಗಲು ಬಿಡಬೇಡಿ. ಗಾಳಿ ತಾಗಿದ ಕೂಡಲೇ ತುಕ್ಕು ಶುರು. ಸಿಹಿನೀರಿನಲ್ಲಿ ತೊಳೆದು, ಪ್ಲಗ್ ತೆಗೆದು ನೀರು ಹೊರಹಾಕಿ, ಎಣ್ಣೆ ಹಾಕಿ ಅದೇ ದಿನ ಓಡಿಸಬೇಕು. ಅದೇ ದಿನ ಆಗದಿದ್ದರೆ ಸಿಹಿನೀರಿನ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿಯೇ ಇಡಿ. ಓಡುತ್ತಿರುವಾಗಲೇ ಮುಳುಗಿದ್ದರೆ ಮಾತ್ರ ರಾಡ್ ಬಗ್ಗಿರುವ ಸಾಧ್ಯತೆ ಇದೆ, ಅದನ್ನು ನೋಡದೆ ತಿರುಗಿಸಬೇಡಿ.

ಹಂತ 2: ಸಾಮಾನು ಮತ್ತು ಸುರಕ್ಷತೆ

ಇಂಜಿನ್ ದೋಣಿಯ ಮೇಲಿದ್ದಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ಇಳಿಸಿ, ಗಟ್ಟಿ ಮರದ ಸ್ಟ್ಯಾಂಡಿಗೆ ನೆಟ್ಟಗೆ ಕಟ್ಟಿ. ಪೆಟ್ರೋಲ್ ಪೈಪ್ ಕಳಚಿ. ಬ್ಯಾಟರಿ ಇದ್ದರೆ ವಯರ್ ತೆಗೆಯಿರಿ. ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಕ್ಲಿಪ್ ಕಿತ್ತು ಜೇಬಿಗೆ ಹಾಕಿಕೊಳ್ಳಿ.

ಬೇಕಾಗುವುದು: 8ರಿಂದ 17ರವರೆಗಿನ ರಿಂಗ್ ಪಾನಾ ಮತ್ತು ಸಾಕೆಟ್, 21ರ ಪ್ಲಗ್ ಪಾನಾ, ಫ್ಲೈವೀಲ್ ನಟ್ಟಿಗೆ ಸರಿಹೊಂದುವ ದೊಡ್ಡ ಸಾಕೆಟ್ ಮತ್ತು ಉದ್ದ ಹಿಡಿ, ಅಗಲ ತುದಿಯ ಸ್ಕ್ರೂಡ್ರೈವರ್, ಟಾರ್ಚು, ಹೀಟ್ ಗನ್, ಕಾಟನ್ ವೇಸ್ಟ್, ಎರಡು ಅಗಲ ತಟ್ಟೆ. ಮೊಬೈಲಿಗೆ ಹಾಕುವ ಸಣ್ಣ ಎಂಡೋಸ್ಕೋಪ್ ಕ್ಯಾಮೆರಾ ಇದ್ದರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ. ಕಂಪ್ರೆಶನ್ ಗೇಜ್ ಆಮೇಲೆ ಬೇಕಾಗುತ್ತದೆ, ಮೆಕ್ಯಾನಿಕ್ ಹತ್ತಿರ ಕೇಳಿ ತಂದರೂ ಸಾಕು.

ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಗೇರ್ ಲಿಂಕ್ ಯಾವ ತೂತಿನಲ್ಲಿತ್ತು, ಯಾವ ವಯರ್ ಎಲ್ಲಿಂದ ಸುತ್ತಿ ಬಂದಿತ್ತು ಎನ್ನುವುದು ಎರಡೇ ದಿನದಲ್ಲಿ ಮರೆತುಹೋಗುತ್ತದೆ.

ಹಂತ 3: ಸುಳ್ಳು ಹಿಡಿತ ಇದೆಯೇ ನೋಡಿ

"ಸೀಜ್ ಆಗಿದೆ" ಎಂದು ಬರುವ ಎಷ್ಟೋ ಇಂಜಿನ್‌ಗಳಲ್ಲಿ ಇಂಜಿನ್ನಿಗೆ ಏನೂ ಆಗಿರುವುದಿಲ್ಲ. ಹೆಚ್ಚಿನವರು ಈ ಹಂತವನ್ನೇ ಹಾರಿಸಿಬಿಡುತ್ತಾರೆ.

ಗೇರ್ ನ್ಯೂಟ್ರಲ್‌ನಲ್ಲಿ ಇದೆಯೇ? ಅನೇಕ ಮಾಡೆಲ್‌ಗಳಲ್ಲಿ ಗೇರ್ ಬಿದ್ದಿದ್ದರೆ ಹಗ್ಗ ಬಾರದಂತೆ ಲಾಕ್ ಇರುತ್ತದೆ. ಆ ಲಾಕಿನ ಕೇಬಲ್ ಹಳತಾಗಿ ಸಡಿಲವಾಗಿದ್ದರೆ ನ್ಯೂಟ್ರಲ್‌ನಲ್ಲಿದ್ದರೂ ಹಗ್ಗ ಬರುವುದಿಲ್ಲ. ಲಿವರ್ ತೋರಿಸುವುದನ್ನು ನಂಬಬೇಡಿ, ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿ ನೋಡಿ. ನ್ಯೂಟ್ರಲ್‌ನಲ್ಲಿ ಅದು ಎರಡೂ ಕಡೆ ಸಲೀಸಾಗಿ ತಿರುಗಬೇಕು.

ತಿರುಗದಿದ್ದರೆ ಪ್ರೊಪೆಲ್ಲರ್ ಬಿಚ್ಚಿ. ಅದರ ಹಿಂದೆ ಶಾಫ್ಟಿಗೆ ಬಲೆಯ ದಾರ ಸುತ್ತಿಕೊಂಡಿರುತ್ತದೆ, ನಮ್ಮ ಕಡೆ ಇದು ತೀರಾ ಸಾಮಾನ್ಯ. ನೈಲಾನ್ ದಾರ ಬಿಸಿಗೆ ಕರಗಿ ಗಟ್ಟಿ ಬಳೆಯಂತಾಗಿರುತ್ತದೆ. ಚೂರಿಯಿಂದ ಕೊಯ್ಯಿರಿ, ಆದರೆ ಎಣ್ಣೆ ಸೀಲಿನ ತುಟಿಗೆ ಚೂರಿ ತಾಗಬಾರದು. ದಾರ ಸಿಕ್ಕಿದರೆ ಸೀಲ್ ಹಾಳಾಗಿದೆ ಎಂದೇ ತಿಳಿದು ಬದಲಿಸಿ.

ಈಗ ಮೇಲಿನ ಹಗ್ಗದ ಸ್ಟಾರ್ಟರ್ ಬಿಚ್ಚಿ ತೆಗೆಯಿರಿ. ಸಾಮಾನ್ಯವಾಗಿ ಮೂರು ಬೋಲ್ಟು. ಸ್ಪ್ರಿಂಗ್ ಹೊರಕ್ಕೆ ಚಿಮ್ಮಬಾರದು, ಸ್ಟಾರ್ಟರನ್ನು ಹಾಗೆಯೇ ಇಡಿಯಾಗಿ ಎತ್ತಿ. ತೆಗೆದ ಮೇಲೆ ಫ್ಲೈವೀಲನ್ನು ಎರಡು ಕೈಯಲ್ಲಿ ಹಿಡಿದು ಮೇಲಿನಿಂದ ನೋಡಿದಂತೆ ಗಡಿಯಾರದ ದಿಕ್ಕಿಗೆ ತಿರುಗಿಸಿ. ತಿರುಗಿದರೆ ತೊಂದರೆ ಸ್ಟಾರ್ಟರಿನದ್ದು. ಸ್ಪ್ರಿಂಗ್ ಮುರಿದಿರುತ್ತದೆ, ಇಲ್ಲವೇ ಹಗ್ಗ ರಾಟೆಯ ಬದಿಗೆ ಸಿಕ್ಕಿಕೊಂಡಿರುತ್ತದೆ. ಎಲೆಕ್ಟ್ರಿಕ್ ಸ್ಟಾರ್ಟ್ ಇರುವ ಇಂಜಿನ್ನಿನಲ್ಲಿ ಸ್ಟಾರ್ಟರ್ ಮೋಟರಿನ ಪಿನಿಯನ್ ತುಕ್ಕು ಹಿಡಿದು ಫ್ಲೈವೀಲ್ ಹಲ್ಲಿನಲ್ಲೇ ಸಿಕ್ಕಿಕೊಂಡಿದೆಯೇ ಅದನ್ನೂ ನೋಡಿ.

ಫ್ಲೈವೀಲ್ ಸ್ವಲ್ಪ ದೂರ ಸಲೀಸಾಗಿ ಬಂದು ಒಂದೇ ಜಾಗದಲ್ಲಿ ಠಕ್ಕೆಂದು ನಿಂತರೆ ಅದರ ಒಳಗೆ ಅಂಟಿಸಿರುವ ಮ್ಯಾಗ್ನೆಟ್ ಕಳಚಿ ಅಡ್ಡ ಬಿದ್ದಿರಬಹುದು. ಅಲ್ಲಿಗೆ ತಿರುಗಿಸುವುದು ನಿಲ್ಲಿಸಿ. ಫ್ಲೈವೀಲ್ ಪುಲ್ಲರ್ ತಂದು ಎಬ್ಬಿಸಿ ನೋಡಬೇಕು.

ಹಂತ 4: ಪ್ಲಗ್ ತೆಗೆದು ಓದಿ

ಪ್ಲಗ್ ಬಿಚ್ಚುವ ಮೊದಲು ಸುತ್ತಲಿನ ಉಪ್ಪು, ಮರಳು ಬ್ರಶ್ಶಿನಿಂದ ತೆಗೆಯಿರಿ. ಇಲ್ಲದಿದ್ದರೆ ಅದೆಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ. ಪ್ಲಗ್ ಗಟ್ಟಿಯಾಗಿದ್ದರೆ ಬುಡಕ್ಕೆ ಎಣ್ಣೆ ಹಾಕಿ ಅರ್ಧ ಗಂಟೆ ಬಿಡಿ. ಒಮ್ಮೆ ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಹೆಡ್ (ಸಿಲಿಂಡರಿನ ಮುಚ್ಚಳ) ಅಲ್ಯೂಮಿನಿಯಂ, ಥ್ರೆಡ್ ಕಿತ್ತು ಬಂದರೆ ಇನ್ನೊಂದು ಕೆಲಸ ಹೆಚ್ಚಾಯಿತು.

ಎಲ್ಲ ಪ್ಲಗ್ ತೆಗೆದ ಮೇಲೆ ಫ್ಲೈವೀಲನ್ನು ಮತ್ತೊಮ್ಮೆ ಮೆಲ್ಲಗೆ ತಿರುಗಿಸಿ. ಮುಖ ತೂತಿನ ಎದುರಿಗೆ ಬೇಡ. ನೀರು ಚಿಮ್ಮಿ ಇಂಜಿನ್ ತಿರುಗಿದರೆ ಅದು ಸೀಜ್ ಅಲ್ಲ, ಸಿಲಿಂಡರಿನಲ್ಲಿ ನೀರು ನಿಂತಿತ್ತು ಅಷ್ಟೇ. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಇಬ್ಬರು ಸೇರಿ ಜಗ್ಗಿದಾಗ ರಾಡ್ ಬಗ್ಗುವುದು ಇಂಥ ಹೊತ್ತಿನಲ್ಲೇ. ಬಂದ ನೀರನ್ನು ಬೆರಳಿಗೆ ಹಚ್ಚಿ ಒಣಗಲು ಬಿಡಿ. ಬಿಳಿ ಉಪ್ಪಿನ ಪುಡಿ ಉಳಿದರೆ ಅದು ಸಮುದ್ರದ ನೀರು: ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಇಂಜಿನ್ ಮುಳುಗಿತ್ತು, ಇಲ್ಲವೇ ತಲೆ ಕೆಳಗಾಗಿ ಮಲಗಿಸಿಟ್ಟಾಗ ಎಕ್ಸಾಸ್ಟಿನಿಂದ ನೀರು ಹರಿದು ಬಂದಿದೆ.

ಪ್ಲಗ್‌ಗಳನ್ನು ಯಾವ ಸಿಲಿಂಡರಿನದ್ದು ಎಂದು ಗುರುತು ಮಾಡಿ, ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟು ಟಾರ್ಚ್ ಬಿಟ್ಟು ನೋಡಿ. ಕಂದು ಬಣ್ಣ, ಸ್ವಲ್ಪ ಎಣ್ಣೆ ಪಸೆ ಇದ್ದರೆ ಆ ಸಿಲಿಂಡರ್ ಚೆನ್ನಾಗಿಯೇ ಇತ್ತು. ತುದಿಯಲ್ಲಿ ಕೆಂಪು ತುಕ್ಕಿನ ಹುಡಿ ಇದ್ದರೆ ಒಳಗೆ ನೀರು ಹೋಗಿದೆ. ಪೋರ್ಸಲೀನ್ ಮೇಲೆ ಮಿಣಮಿಣ ಮಿಂಚುವ ಸಣ್ಣ ಬೆಳ್ಳಿ ಚುಕ್ಕಿಗಳಿದ್ದರೆ ಅದು ಕರಗಿದ ಪಿಸ್ಟನ್ನಿನ ಅಲ್ಯೂಮಿನಿಯಂ. ಆ ಚುಕ್ಕಿ ಕಂಡ ಮೇಲೆ ಎಣ್ಣೆ ಹಾಕಿ ಕಾಯುವುದರಲ್ಲಿ ಅರ್ಥವಿಲ್ಲ, ನೇರವಾಗಿ ಹೆಡ್ ಬಿಚ್ಚಬೇಕು.

ಹಂತ 5: ಗೇರ್‌ಬಾಕ್ಸ್ ಬೇರ್ಪಡಿಸಿ

ಇಂಜಿನ್ ಇನ್ನೂ ತಿರುಗದಿದ್ದರೆ ಮುಂದಿನ ಪ್ರಶ್ನೆ, ಹಿಡಿದಿರುವುದು ಮೇಲೋ ಕೆಳಗೋ?

ಗೇರ್‌ಬಾಕ್ಸಿನ ಕೆಳಗಿನ ಸ್ಕ್ರೂ ಅಡಿಗೆ ತಟ್ಟೆ ಇಟ್ಟು ಬಿಚ್ಚಿ, ಆಮೇಲೆ ಮೇಲಿನದ್ದು. ಮೊದಲು ಬೀಳುವ ಹನಿಯ ಮೇಲೆ ಕಣ್ಣಿಡಿ. ಬರೀ ನೀರು ಬಂದು ಹಿಂದೆ ಎಣ್ಣೆ ಬಂದರೆ ಬಹಳ ಕಾಲದಿಂದ ನೀರು ಕೂತಿದೆ. ಹಾಲು ಬೆರೆಸಿದ ಚಹಾದ ಬಣ್ಣ ಬಂದರೆ ಸೀಲ್ ಹೋಗಿದೆ, ಬೇರಿಂಗ್ ಇನ್ನೂ ಬದುಕಿರಬಹುದು. ಬೆರಳ ನಡುವೆ ಉಜ್ಜಿದಾಗ ಹರಳು ಹರಳಾಗಿ ಕೈಗೆ ಸಿಕ್ಕರೆ, ಮ್ಯಾಗ್ನೆಟ್ ಇರುವ ಸ್ಕ್ರೂ ತುದಿಗೆ ಕಬ್ಬಿಣದ ಚೂರು ಅಂಟಿದ್ದರೆ ಗೇರ್ ಹಲ್ಲು ಮುರಿದಿದೆ.

ಈಗ ಗೇರ್ ರಾಡಿನ ಜೋಡಣೆ ಬಿಡಿಸಿ, ಬೋಲ್ಟುಗಳನ್ನು ತೆಗೆದು ಗೇರ್‌ಬಾಕ್ಸನ್ನು ಕೆಳಕ್ಕೆ ಇಳಿಸಿ. ಬರದಿದ್ದರೆ ಮತ್ತೆ ನೋಡಿ, ಪ್ರೊಪೆಲ್ಲರ್ ಮೇಲಿನ ಸಣ್ಣ ರೆಕ್ಕೆಯಾದ ಟ್ರಿಮ್ ಟ್ಯಾಬ್ ಅಡಿಯಲ್ಲಿ ಒಂದು ಬೋಲ್ಟು ಅಡಗಿರುವುದುಂಟು. ಎಲ್ಲ ತೆಗೆದರೂ ಬರದಿದ್ದರೆ ಡ್ರೈವ್ ಶಾಫ್ಟಿನ ಮೇಲ್ತುದಿಯ ಹಲ್ಲುಗಳು ಕ್ರ್ಯಾಂಕಿನ ಒಳಗೆ ತುಕ್ಕಿನಿಂದ ಅಂಟಿಕೊಂಡಿವೆ. ಉಪ್ಪುನೀರಿನ ಇಂಜಿನ್‌ಗಳಲ್ಲಿ ಇದು ಸಾಮಾನ್ಯ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಅಲ್ಯೂಮಿನಿಯಂ ಅಂಚು ಒಡೆಯುತ್ತದೆ. ಎರಡೂ ಬದಿಗೆ ಮರದ ಸಣ್ಣ ಬೆಣೆ ಹೊಡೆದು ಬೆರಳಷ್ಟು ಸಂದು ಮಾಡಿ, ಒಳಗಿನ ಶಾಫ್ಟಿಗೆ ಎಣ್ಣೆ ಸಿಂಪಡಿಸಿ, ದಿನಕ್ಕೆರಡು ಸಲ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಹಟ ಬೇಡ.

ಗೇರ್‌ಬಾಕ್ಸ್ ಕೈಗೆ ಬಂದ ಮೇಲೆ ಎರಡನ್ನೂ ಬೇರೆ ಬೇರೆಯಾಗಿ ತಿರುಗಿಸಿ. ಫ್ಲೈವೀಲ್ ತಿರುಗಿದರೆ ಸಂತೋಷದ ಸುದ್ದಿ, ಇಂಜಿನ್ ಚೆನ್ನಾಗಿದೆ. ಗೇರ್‌ಬಾಕ್ಸನ್ನು ಮೆಕ್ಯಾನಿಕ್ ಹತ್ತಿರ ಒಯ್ಯಿರಿ, ಅದರ ಬೇರಿಂಗ್ ಕೂರಿಸಲು ಪ್ರೆಸ್ಸು, ಶಿಮ್ಮು ಬೇಕು. ಶಾಫ್ಟ್ ತಿರುಗಿ ಫ್ಲೈವೀಲ್ ತಿರುಗದಿದ್ದರೆ ಮುಂದಿನ ಹಂತಕ್ಕೆ ಬನ್ನಿ. ಡ್ರೈವ್ ಶಾಫ್ಟನ್ನು ಗಡಿಯಾರದ ದಿಕ್ಕಿಗೆ ಮಾತ್ರ ತಿರುಗಿಸಿ, ಉಲ್ಟಾ ತಿರುಗಿಸಿದರೆ ನೀರಿನ ಪಂಪಿನ ಇಂಪೆಲ್ಲರ್ ರೆಕ್ಕೆ ಮಡಚಿಕೊಳ್ಳುತ್ತದೆ. ಹೇಗೂ ಬಿಚ್ಚಿದ್ದೀರಿ, ಇಂಪೆಲ್ಲರ್ ಹೊಸದೇ ಹಾಕಿಬಿಡಿ.

ಹಂತ 6: ಎಣ್ಣೆ ಹಾಕುವುದು

ಎಲ್ಲರೂ ಅವಸರ ಮಾಡುವುದು ಇಲ್ಲೇ. ಇಂಜಿನ್ ನೆಟ್ಟಗೆ ನಿಂತಾಗ ಔಟ್‌ಬೋರ್ಡಿನ ಸಿಲಿಂಡರ್ ಅಡ್ಡಕ್ಕೆ ಮಲಗಿರುತ್ತದೆ. ಪ್ಲಗ್ ತೂತಿನಿಂದ ಎಷ್ಟೇ ಎಣ್ಣೆ ಸುರಿದರೂ ಅದು ಬೋರಿನ ಕೆಳಭಾಗದಲ್ಲಿ ಮಾತ್ರ ನಿಲ್ಲುತ್ತದೆ. ಮೇಲ್ಭಾಗದ ತುಕ್ಕಿಗೆ ಒಂದು ಹನಿಯೂ ತಾಗುವುದಿಲ್ಲ. ವಾರಗಟ್ಟಲೆ ಎಣ್ಣೆ ಹಾಕಿದೆ, ಏನೂ ಆಗಲಿಲ್ಲ ಎನ್ನುವವರ ಕಷ್ಟಕ್ಕೆ ಹೆಚ್ಚಾಗಿ ಇದೇ ಕಾರಣ.

ಆದ್ದರಿಂದ ಇಂಜಿನ್ನನ್ನು ಮಲಗಿಸಬೇಕು. ಪ್ಲಗ್ ತೂತುಗಳು ಆಕಾಶ ನೋಡಬೇಕು, ಎಂದರೆ ದೋಣಿಗೆ ಸಿಕ್ಕಿಸುವ ಕ್ಲ್ಯಾಂಪಿನ ಬದಿ ಕೆಳಗೆ. ಹಳೆ ಟಯರ್ ಮೇಲೆ ಮಲಗಿಸಿ. ಇಂಜಿನ್ನಿನ ತಲೆ ಕಾಲಿಗಿಂತ ಸ್ವಲ್ಪ ಎತ್ತರದಲ್ಲಿರಲಿ. ಕೊಳವೆಯಲ್ಲಿ ಉಳಿದ ನೀರು ಸಿಲಿಂಡರಿಗೆ ಇಳಿಯಬಾರದು.

ಯಾವ ಎಣ್ಣೆ? ಅಂಗಡಿಯಲ್ಲಿ ಸಿಗುವ ಒಳ್ಳೆಯ ಪೆನೆಟ್ರೇಟಿಂಗ್ ಆಯಿಲ್ ಆಗುತ್ತದೆ. ನನಗೆ ಹೆಚ್ಚು ನಂಬಿಕೆ ಇರುವುದು ಆಟೋಮ್ಯಾಟಿಕ್ ಗೇರಿನ ಎಟಿಎಫ್ ಎಣ್ಣೆ ಮತ್ತು ಅಸಿಟೋನ್ ಸಮಸಮ ಬೆರೆಸಿದ ಮಿಶ್ರಣದ ಮೇಲೆ. ಅಸಿಟೋನ್ ಸಂದಿಗೆ ನುಗ್ಗುತ್ತದೆ, ಎಟಿಎಫ್ ಹಿಂದೆಯೇ ಹೋಗಿ ಅಲ್ಲಿ ನಿಲ್ಲುತ್ತದೆ. ಎರಡೂ ಬೇಗ ಬೇರೆಯಾಗುತ್ತವೆ, ಹಾಕುವಾಗೆಲ್ಲ ಅಲ್ಲಾಡಿಸಿ. ಅಸಿಟೋನ್ ಪೆಟ್ರೋಲಿನಂತೆಯೇ ಹೊತ್ತಿಕೊಳ್ಳುತ್ತದೆ: ಬೀಡಿ, ದೀಪ, ಹೀಟ್ ಗನ್ ಯಾವುದೂ ಹತ್ತಿರ ಬೇಡ. ಗಾಳಿ ಆಡುವ ಜಾಗದಲ್ಲೇ ಕೆಲಸ ಮಾಡಿ. ಬಣ್ಣ, ಥರ್ಮೊಕೋಲ್, ಕೆಲವು ಪ್ಲಾಸ್ಟಿಕ್ ಇದಕ್ಕೆ ಕರಗುತ್ತವೆ, ಗಾಜಿನ ಇಲ್ಲವೇ ಸ್ಟೀಲ್ ಪಾತ್ರೆ ಬಳಸಿ. ಬರೀ ಡೀಸೆಲ್ ಸಾಲದು. ಒಗ್ಗರಣೆಯ ತೆಂಗಿನೆಣ್ಣೆ, ಶೇಂಗಾ ಎಣ್ಣೆ ಖಂಡಿತ ಬೇಡ, ಅದು ಒಳಗೆ ಅಂಟಾಗುತ್ತದೆ.

ಒಂದೊಂದು ಸಿಲಿಂಡರಿಗೆ 30ರಿಂದ 50 ಮಿಲಿ ಹಾಕಿ, ಟಾರ್ಚ್ ಬಿಟ್ಟು ಮಟ್ಟ ನೋಡಿ. ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ಒಂದು ಪಿಸ್ಟನ್ ಮೇಲಿದ್ದರೆ ಇನ್ನೊಂದು ಕೆಳಗಿರುತ್ತದೆ. ಪಿಸ್ಟನ್ ಕೆಳಗಿರುವ ಸಿಲಿಂಡರಿನಲ್ಲಿ ಗೋಡೆಯ ಕಿಂಡಿಗಳಾದ ಪೋರ್ಟ್‌ಗಳು ತೆರೆದಿರುವುದರಿಂದ ಎಣ್ಣೆ ಅಲ್ಲಿಂದ ಹೊರಗೆ ಹರಿದುಬಿಡುತ್ತದೆ. "ಎಣ್ಣೆ ಕುಡಿಯಿತು, ಇನ್ನೇನು ಬಿಡುತ್ತದೆ" ಎಂದು ಖುಷಿಪಡಬೇಡಿ. ಆ ಸಿಲಿಂಡರಿಗೆ ಸ್ವಲ್ಪ ಸ್ವಲ್ಪವೇ ದಿನಕ್ಕೆ ಮೂರ್ನಾಲ್ಕು ಸಲ ಹಾಕುತ್ತಿರಿ. ಮೇಲಿರುವ ಪಿಸ್ಟನ್ನಿನ ಮೇಲೆ ನಿಂತ ಎಣ್ಣೆ ನಿಧಾನವಾಗಿ ಇಳಿಯುತ್ತಿದ್ದರೆ ಅದು ಒಳ್ಳೆಯ ಲಕ್ಷಣ.

ಕನಿಷ್ಠ ಎರಡು ಮೂರು ದಿನ ಮುಟ್ಟಬೇಡಿ. ತುಕ್ಕು ಜಾಸ್ತಿ ಇದ್ದರೆ ಒಂದು ವಾರ. ಪ್ಲಗ್ ತೂತಿಗೆ ಬಟ್ಟೆ ಮುಚ್ಚಿ, ಮಳೆ ತಾಗದ ಕಡೆ ಇಡಿ.

ಫೋರ್ ಸ್ಟ್ರೋಕ್ ಆದರೆ ಈ ಎಣ್ಣೆಯೆಲ್ಲ ಕೊನೆಗೆ ಅಡಿಯ ಎಣ್ಣೆ ತೊಟ್ಟಿಗೆ (ಸಂಪ್) ಇಳಿಯುತ್ತದೆ. ಬಿಟ್ಟ ಮೇಲೆ ಇಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸದೆ ಸ್ಟಾರ್ಟ್ ಮಾಡುವಂತಿಲ್ಲ.

ಹಂತ 7: ತಿರುಗಿಸುವುದು

ಫ್ಲೈವೀಲ್ ನಟ್ಟಿಗೆ ಸಾಕೆಟ್ ಕೂರಿಸಿ, ಬಿಗಿಯಾಗುವ ದಿಕ್ಕಿಗೆ ಹಿಡಿಯನ್ನು ಒತ್ತಿ. ಜರ್ಕ್ ಬೇಡ, ಒಂದೇ ಸಮ ಒತ್ತಡ. ಒಂದು ಕೈಯ ಬಲ ಸಾಕು. ಹಿಡಿಗೆ ಉದ್ದ ಪೈಪ್ ತೂರಿಸುವ ಆಸೆ ಬರುತ್ತದೆ, ಬೇಡವೇ ಬೇಡ. ನಟ್ಟು ಹರಿಯುತ್ತದೆ, ಇಲ್ಲವೇ ಫ್ಲೈವೀಲನ್ನು ಕ್ರ್ಯಾಂಕಿಗೆ ಹಿಡಿಸಿರುವ ಸಣ್ಣ ಕೀ ಕತ್ತರಿಸುತ್ತದೆ. ಉಲ್ಟಾ ದಿಕ್ಕಿಗೆ ಒತ್ತಿದರೆ ನಟ್ಟು ಬಿಚ್ಚುತ್ತದೆಯೇ ಹೊರತು ಕ್ರ್ಯಾಂಕ್ ತಿರುಗುವುದಿಲ್ಲ. ಫ್ಲೈವೀಲ್ ಹೋಲ್ಡರ್ ಅಥವಾ ಪಟ್ಟಿಯ ಪಾನಾ ಸಿಕ್ಕರೆ ಎರಡೂ ಕಡೆ ಅಲ್ಲಾಡಿಸಬಹುದು. ಟೂ ಸ್ಟ್ರೋಕಿನಲ್ಲಿ ತೊಂದರೆ ಇಲ್ಲ, ಟೈಮಿಂಗ್ ಬೆಲ್ಟ್ ಇರುವ ಫೋರ್ ಸ್ಟ್ರೋಕಿನಲ್ಲಿ ಉಲ್ಟಾ ತಿರುಗಿಸಬೇಡಿ.

ಮೊದಲು ಕಾಣುವ ಚಲನೆ ತೀರಾ ಸಣ್ಣದು. ಫ್ಲೈವೀಲ್ ಮೇಲೂ ಪಕ್ಕದ ಬ್ಲಾಕಿನ ಮೇಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡಿ. ಗೆರೆ ಒಂದು ಅಕ್ಕಿಕಾಳಿನಷ್ಟು ಸರಿದರೂ ಗೆದ್ದ ಹಾಗೆ. ಅಲ್ಲಿಗೆ ನಿಲ್ಲಿಸಿ, ಮತ್ತೆ ಎಣ್ಣೆ ಹಾಕಿ, ಮರುದಿನ ಮುಂದುವರಿಸಿ. ಸರಿದ ಖುಷಿಗೆ ಒಂದೇ ಸಲ ಪೂರ್ತಿ ಸುತ್ತು ತಿರುಗಿಸಿದರೆ ಬಿಟ್ಟ ತುಕ್ಕಿನ ಹುಡಿ ರಿಂಗಿನ ಅಡಿಗೆ ಸಿಕ್ಕಿ ಬೋರನ್ನು ಕೆರೆಯುತ್ತದೆ, ಪೋರ್ಟಿನ ಅಂಚಿಗೆ ರಿಂಗ್ ಸಿಕ್ಕಿ ಮುರಿಯುತ್ತದೆ.

ಅಲುಗದಿದ್ದರೆ ಬಿಸಿ ಕೊಡಿ. ಮೊದಲು ಅಸಿಟೋನ್ ಪೂರ್ತಿ ಆರಿದೆಯೇ, ವಾಸನೆ ಇಲ್ಲವೇ ಎಂದು ಖಾತ್ರಿ ಮಾಡಿಕೊಳ್ಳಿ. ಹೀಟ್ ಗನ್ನಿನಿಂದ ಸಿಲಿಂಡರಿನ ಹೊರಮೈಯನ್ನು ಸುತ್ತಲೂ ಸಮವಾಗಿ, ಕೈ ಇಡಲಾಗದಷ್ಟು ಕಾಯಿಸಿ ತಣ್ಣಗಾಗಲು ಬಿಡಿ. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಪಿಸ್ಟನ್ ಅಲ್ಯೂಮಿನಿಯಂ, ಬೋರಿನ ಸ್ಲೀವ್ ಕಬ್ಬಿಣ. ಕಾದು ತಣಿಯುವಾಗ ಎರಡರ ನಡುವಿನ ತುಕ್ಕು ಬಿರುಕು ಬಿಡುತ್ತದೆ, ಎಣ್ಣೆಗೆ ದಾರಿ ಆಗುತ್ತದೆ. ತಣಿದ ಮೇಲೆಯೇ ಮತ್ತೆ ಎಣ್ಣೆ ಹಾಕಿ. ಗ್ಯಾಸ್ ಟಾರ್ಚ್ ಬಳಸಬೇಡಿ, ಬ್ಲಾಕ್ ಸೊಟ್ಟಗಾಗುತ್ತದೆ.

ಮಾಡಲೇಬಾರದ ಮೂರು ಕೆಲಸ ಇವೆ. ಫ್ಲೈವೀಲಿಗೆ ಸುತ್ತಿಗೆ ಹೊಡೆಯುವುದು, ಮ್ಯಾಗ್ನೆಟ್ ಕಳಚುತ್ತದೆ. ಪ್ಲಗ್ ತೂತಿನಿಂದ ಕಬ್ಬಿಣದ ಸರಳು ಇಳಿಸಿ ಪಿಸ್ಟನ್ ತಟ್ಟುವುದು, ಪಿಸ್ಟನ್ ತಲೆ ತೂತಾಗುತ್ತದೆ. ಗೇರ್ ಹಾಕಿ ಪ್ರೊಪೆಲ್ಲರಿಗೆ ಮರದ ತುಂಡು ಕೊಟ್ಟು ತಿರುಗಿಸುವುದು, ಇಂಜಿನ್ ಜೊತೆಗೆ ಗೇರೂ ಹೋಗುತ್ತದೆ.

ಒಂದೆರಡು ವಾರ ಹೀಗೆ ಮಾಡಿಯೂ ಕೂದಲಷ್ಟೂ ಅಲುಗದಿದ್ದರೆ ಹೆಡ್ ಬಿಚ್ಚುವ ಸಮಯ ಬಂತು. ಬೋಲ್ಟುಗಳನ್ನು ಕಾಯಿಸಿ, ಒಂದು ಚೂರು ಬಿಗಿ ಮಾಡಿ, ಸಡಿಲಿಸಿ. ಬೋಲ್ಟು ಸ್ಪಂಜಿನಂತೆ ಮೆತ್ತಗೆ ತಿರುಗುತ್ತಿದೆ ಅನಿಸಿದರೆ ಅದು ಮುರಿಯುವ ಸೂಚನೆ, ಕೂಡಲೇ ನಿಲ್ಲಿಸಿ. ಹೆಡ್ ತೆಗೆದ ಮೇಲೆ ಗಟ್ಟಿ ಮರದ ಚಪ್ಪಟೆ ತುಂಡನ್ನು ಪಿಸ್ಟನ್ ಮೇಲೆ ಪೂರ್ತಿ ಕೂರುವಂತೆ ಇಟ್ಟು ಮೆಲ್ಲಗೆ ತಟ್ಟಬಹುದು, ಅದೂ ಪಿಸ್ಟನ್ ನಡುವೆ ಎಲ್ಲೋ ಇದ್ದರೆ ಮಾತ್ರ. ಪಿಸ್ಟನ್ ತೀರಾ ಮೇಲೆ ಇಲ್ಲವೇ ತೀರಾ ಅಡಿಯಲ್ಲಿದ್ದರೆ ತಟ್ಟಿದ ಪೆಟ್ಟೆಲ್ಲ ಬೇರಿಂಗಿಗೆ.

ಹಂತ 8: ಬಿಟ್ಟಿತು, ಆದರೆ ಇನ್ನೂ ಸ್ಟಾರ್ಟ್ ಮಾಡಬೇಡಿ

ತಿರುಗಿದ ಕೂಡಲೇ ಹಗ್ಗ ಎಳೆಯುವವರೇ ಜಾಸ್ತಿ. ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಶಾಶ್ವತವಾಗಿ ಹಿಡಿಯುತ್ತದೆ.

ಮೊದಲು ಪ್ಲಗ್ ಇಲ್ಲದೆ ಮೆಲ್ಲಗೆ ತಿರುಗಿಸಿ ಒಳಗಿನ ಎಣ್ಣೆ, ತುಕ್ಕು ಹೊರಹಾಕಿ. ಕ್ಯಾಮೆರಾ ಇಳಿಸಿ ಬೋರ್ ನೋಡಿ. ಹೆಡ್ ತೆಗೆದಿದ್ದರೆ ಇನ್ನೂ ಒಳ್ಳೆಯದು, ಉಗುರಿನಿಂದ ಬೋರನ್ನು ಅಡ್ಡಕ್ಕೆ ಸವರಿ. ಗೆರೆ ಕಣ್ಣಿಗೆ ಕಂಡರೂ ಉಗುರಿಗೆ ಸಿಗದಿದ್ದರೆ ಹೋನಿಂಗ್ (ಬೋರನ್ನು ತೆಳುವಾಗಿ ಉಜ್ಜುವುದು) ಮಾಡಿಸಿ ಹೊಸ ರಿಂಗ್ ಹಾಕಿದರೆ ಸಾಕು. ಉಗುರು ತಡೆದು ನಿಂತರೆ ಲೇತಿಗೆ ಕೊಟ್ಟು ರೀಬೋರ್ (ಬೋರನ್ನು ಅಗಲಕ್ಕೆ ಕೊರೆಯುವುದು) ಮಾಡಿಸಬೇಕು, 0.25 ಅಥವಾ 0.50 ಮಿಮೀ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಬೋರ್ ಮಾಡಿಸುವ ಮೊದಲು ನಿಮ್ಮ ಮಾಡೆಲಿಗೆ ಆ ಅಳತೆಯ ಪಿಸ್ಟನ್ ಸಿಗುತ್ತದೆಯೇ ವಿಚಾರಿಸಿ, ಪಿಸ್ಟನ್ ಕೈಗೆ ಬಂದ ಮೇಲೆಯೇ ಬ್ಲಾಕ್ ಕೊಡಿ.

ಮುಂದಿನದು ಕಂಪ್ರೆಶನ್, ಎಂದರೆ ಸಿಲಿಂಡರಿನ ಒಳಗಿನ ಒತ್ತಡ. ಎಲ್ಲ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಒಂದು ತೂತಿಗೆ ಗೇಜ್ ಹಾಕಿ, ಅದರ ಮುಳ್ಳು ಏರುವುದು ನಿಲ್ಲುವ ತನಕ ಹಗ್ಗ ಎಳೆಯಿರಿ. ಕಿಲ್ ಸ್ವಿಚ್ ಕ್ಲಿಪ್ ಹಾಕಬೇಡಿ. ಒಂದೊಂದು ಮಾಡೆಲಿನ ಅಂಕಿ ಬೇರೆ, ಮುಖ್ಯವಾಗಿ ನೋಡಬೇಕಾದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಅದು 10-15 ಶೇಕಡಾ ಮೀರಿದರೆ ಕಡಿಮೆ ಇರುವ ಸಿಲಿಂಡರ್ ಬಿಚ್ಚಲೇಬೇಕು.

ಬೇರಿಂಗಿನ ಪರೀಕ್ಷೆ ಕಿವಿಯಿಂದ. ಫ್ಲೈವೀಲ್ ತಿರುಗಿಸುವಾಗ ಕರಕರ ಮರಳಿನ ಸದ್ದು ಬಂದರೆ, ಫ್ಲೈವೀಲನ್ನು ಬದಿಗೆ ಅಲ್ಲಾಡಿಸಿದಾಗ ಟಕ್ ಟಕ್ ಎಂದರೆ ಕ್ರ್ಯಾಂಕ್ ಬಿಚ್ಚಬೇಕು. ಅದು ಮನೆಯಂಗಳದ ಕೆಲಸವಲ್ಲ. ಕ್ರ್ಯಾಂಕ್, ರಾಡ್, ಬ್ಲಾಕ್ ಮೂರೂ ಹೋಗಿದ್ದರೆ ಆ ಇಂಜಿನ್ನಿಗೆ ಹಣ ಸುರಿಯಬೇಡಿ. ಗೇರ್‌ಬಾಕ್ಸ್, ಕಾರ್ಬೊರೇಟರ್, ಬ್ರಾಕೆಟ್ ಬಿಡಿ ಭಾಗಕ್ಕೆ ಇಟ್ಟುಕೊಂಡು ಬೇರೆ ಪವರ್‌ಹೆಡ್ (ಸಿಲಿಂಡರ್ ಇರುವ ಮೇಲಿನ ಭಾಗ) ಹುಡುಕಿ. ಕೊಳ್ಳುವಾಗ ಇಂಜಿನ್ ನಂಬರ್ ದೋಣಿಯ ಕಾಗದಪತ್ರಕ್ಕೆ ತಾಳೆಯಾಗುತ್ತದೆಯೇ ನೋಡುವುದನ್ನು ಮರೆಯಬೇಡಿ.

ಹಂತ 9: ಹಿಡಿಯಲು ಕಾರಣವಾದದ್ದನ್ನು ಸರಿಮಾಡಿ

ನೀರಿನ ದಾರಿ ಮೊದಲು. ಥರ್ಮೋಸ್ಟಾಟ್ ಮುಚ್ಚಳ ತೆಗೆದರೆ ಒಳಗೆ ಉಪ್ಪು ಕಲ್ಲಿನಂತೆ ಕಟ್ಟಿರುವುದು ಕಾಣುತ್ತದೆ. ಮರದ ಕಡ್ಡಿಯಿಂದ ಕೆರೆದು ಸಿಹಿನೀರು ಹಾಯಿಸಿ. ಥರ್ಮೋಸ್ಟಾಟನ್ನು ಬಿಸಿನೀರಿಗೆ ಹಾಕಿ, ಬಾಯಿ ತೆರೆಯದಿದ್ದರೆ ಎಸೆಯಿರಿ. ಹಳೆ ಇಂಪೆಲ್ಲರಿನ ರೆಕ್ಕೆ ಮುರಿದಿದ್ದರೆ ಆ ರಬ್ಬರ್ ಚೂರುಗಳು ಮೇಲಿನ ಕೊಳವೆಯಲ್ಲೇ ಇವೆ, ಎಲ್ಲ ಚೂರೂ ಸಿಗುವ ತನಕ ಹುಡುಕಿ.

ಕಾರ್ಬೊರೇಟರ್ ಬಿಚ್ಚಿ ಜೆಟ್ ತೊಳೆಯಿರಿ. ಹಳೆ ಪೆಟ್ರೋಲ್ ಪೂರ್ತಿ ಬಸಿದು ತೆಗೆಯಿರಿ. ಅದನ್ನು ಮೋರಿಗೆ ಚೆಲ್ಲುವುದೂ ಬೇಡ, ಕಾಳಿ, ಅಘನಾಶಿನಿಯ ಹಿನ್ನೀರಿಗಂತೂ ಬೇಡವೇ ಬೇಡ. ಅಲ್ಲಿನ ಬಳಚು (ಚಿಪ್ಪುಮೀನು) ಆರಿಸಿ ಬದುಕುವವರಿದ್ದಾರೆ. ಹಳೆ ಎಣ್ಣೆ, ಪೆಟ್ರೋಲನ್ನು ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಎಣ್ಣೆಯ ವಿಷಯಕ್ಕೆ ಬಂದರೆ, ಔಟ್‌ಬೋರ್ಡಿಗೆ ಬೇಕಾದ್ದು ಟಿಸಿ-ಡಬ್ಲ್ಯು3 ಎಂದು ಬರೆದಿರುವ ಟೂಟಿ (2T, ಟೂ ಸ್ಟ್ರೋಕ್) ಎಣ್ಣೆ. ಬೈಕಿನದ್ದು ಗಾಳಿಯಲ್ಲಿ ತಣಿಯುವ ಇಂಜಿನ್ನಿಗಾಗಿ ಮಾಡಿದ್ದು, ಇಲ್ಲಿ ಅದು ಬೂದಿ ಕಟ್ಟಿ ರಿಂಗ್ ಹಿಡಿಸುತ್ತದೆ. ಅನೇಕ ಪೆಟ್ರೋಲ್ ಇಂಜಿನ್‌ಗಳಿಗೆ 50ಕ್ಕೆ 1, ಎಂದರೆ ಲೀಟರಿಗೆ 20 ಮಿಲಿ. ರಿಪೇರಿ ಆದ ಮೇಲಿನ ಮೊದಲ ಟ್ಯಾಂಕಿಗೆ 25ಕ್ಕೆ 1, ಲೀಟರಿಗೆ 40 ಮಿಲಿ ಹಾಕಿ. ನಿಮ್ಮ ಇಂಜಿನ್ನಿನ ಪ್ಲೇಟಿನ ಮೇಲೆ ಇದಕ್ಕಿಂತ ಜಾಸ್ತಿ ಬರೆದಿದ್ದರೆ ಅದೇ ಕೊನೆಯ ಮಾತು.

ಸೀಮೆಎಣ್ಣೆ ಇಂಜಿನ್ ಕೊಂಡವರು ಗಮನಿಸಿ. ಎಣ್ಣೆಯನ್ನು ತಾನಾಗಿ ಬೆರೆಸುವ ಆಟೋಲ್ಯೂಬ್ ಇಲ್ಲದಿದ್ದರೆ ಸ್ಟಾರ್ಟಿಂಗ್ ಪೆಟ್ರೋಲಿಗೂ ಸೀಮೆಎಣ್ಣೆಗೂ, ಎರಡಕ್ಕೂ ಟೂಟಿ ಎಣ್ಣೆ ಬೆರೆಸಬೇಕು. ನಿಲ್ಲಿಸುವ ಮೊದಲು ಕೆಲವು ನಿಮಿಷ ಪೆಟ್ರೋಲಿಗೆ ತಿರುಗಿಸಿ ಓಡಿಸಬೇಕು. ದಡ ಮುಟ್ಟುವ ಅವಸರದಲ್ಲಿ ಸೀಮೆಎಣ್ಣೆಯಲ್ಲೇ ನಿಲ್ಲಿಸಿದರೆ ಉರಿಯದ ಎಣ್ಣೆ ಒಳಗೇ ಉಳಿದು ಮಸಿ ಕಟ್ಟುತ್ತದೆ, ಮರುದಿನ ಹಗ್ಗ ಎಳೆದು ಎಳೆದು ಸಾಕಾಗುತ್ತದೆ.

ಹಂತ 10: ಡ್ರಮ್ಮಿನಲ್ಲಿ ಮೊದಲ ಓಟ, ಆಮೇಲೆ ಹಿನ್ನೀರು

ಎಲ್ಲ ಜೋಡಿಸಿ, ಗೇರ್‌ಬಾಕ್ಸಿಗೆ ಹೊಸ ಎಣ್ಣೆ ತುಂಬಿ. ಬೋಲ್ಟುಗಳಿಗೂ ಡ್ರೈವ್ ಶಾಫ್ಟಿನ ಹಲ್ಲಿನ ಬದಿಗೂ ಮೆರೀನ್ ಗ್ರೀಸ್ ಹಚ್ಚಿ. ಪ್ರೊಪೆಲ್ಲರ್ ಹಾಕಬೇಡಿ. ದೊಡ್ಡ ಡ್ರಮ್ಮಿಗೆ ಸಿಹಿನೀರು ತುಂಬಿ, ಪ್ರೊಪೆಲ್ಲರ್ ಮೇಲಿನ ಚಪ್ಪಟೆ ಪ್ಲೇಟ್ ಪೂರ್ತಿ ಮುಳುಗಬೇಕು. ಬಯಲಿನಲ್ಲೇ ಓಡಿಸಿ, ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಪ್ರಾಣ ತೆಗೆಯುತ್ತದೆ.

ಈಗ ಕಿಲ್ ಸ್ವಿಚ್ ಕ್ಲಿಪ್ ಹಾಕಿ ಸ್ಟಾರ್ಟ್ ಮಾಡಿ. ಶುರುವಿಗೆ ದಟ್ಟ ಹೊಗೆ ಬರುತ್ತದೆ, ಒಳಗೆ ಉಳಿದ ಎಣ್ಣೆ ಸುಡುವುದು ಅದು, ಗಾಬರಿ ಬೇಡ. ಕಣ್ಣು ಇರಬೇಕಾದ್ದು ತಂಪಿನ ನೀರು ಚಿಮ್ಮುವ ಸಣ್ಣ ತೂತಿನ ಮೇಲೆ. ಅರ್ಧ ನಿಮಿಷದೊಳಗೆ ನೀರು ಬರದಿದ್ದರೆ ನಿಲ್ಲಿಸಿ. ತೂತಿಗೆ ಮರಳು ಕಟ್ಟಿರಬಹುದು, ತಂತಿ ಹಾಕಿ ನೋಡಿ. ಆಗಲೂ ಬಾರದಿದ್ದರೆ ಪಂಪ್ ಬಿಚ್ಚಿ. ನೀರು ಬಂದರೆ ಐಡಲ್‌ನಲ್ಲೇ 10-15 ನಿಮಿಷ ಓಡಿಸಿ ನಿಲ್ಲಿಸಿ. ಪೂರ್ತಿ ತಣಿಯಲಿ. ಫ್ಲೈವೀಲ್ ಕೈಯಲ್ಲಿ ತಿರುಗಿಸಿ ಮೊದಲಿನಷ್ಟೇ ಸಲೀಸಾಗಿದೆಯೇ ನೋಡಿ, ಪ್ಲಗ್ ತೆಗೆದು ಬೆಳ್ಳಿ ಚುಕ್ಕಿ ಇದೆಯೇ ನೋಡಿ. ಎರಡು ಮೂರು ಸಲ ಹೀಗೆ ಕಾಯಿಸಿ ತಣಿಸಿದ ಮೇಲೆ ದೋಣಿಗೆ ಏರಿಸಿ.

ನೀರಿನ ಮೇಲಿನ ಮೊದಲ ಓಟ ಹಿನ್ನೀರಿನಲ್ಲೇ ಆಗಲಿ. ಕಾಳಿ, ಶರಾವತಿ, ಅಘನಾಶಿನಿ ಯಾವುದಾದರೂ ಸರಿ, ಅಳಿವೆಯಿಂದ ದೂರ. ಅಳಿವೆಯ ಮರಳ ದಿಬ್ಬದ ಮೇಲೆ ಅಲೆ ಒಡೆಯುವಾಗ ಇಂಜಿನ್ ಕೈಕೊಟ್ಟರೆ ದೋಣಿ ಅಡ್ಡ ತಿರುಗುತ್ತದೆ, ಮಗುಚಲು ಒಂದು ಅಲೆ ಸಾಕು. ಜೊತೆಗೆ ಒಬ್ಬರಿರಲಿ, ಲೈಫ್ ಜಾಕೆಟ್, ಹುಟ್ಟು, ಲಂಗರು ಇರಲಿ. ಮೊದಲ ಒಂದು ಗಂಟೆ ಅರ್ಧ ಥ್ರಾಟಲ್ ದಾಟಬೇಡಿ, ಒಂದೇ ವೇಗದಲ್ಲೂ ಓಡಿಸಬೇಡಿ, ಏರಿಸಿ ಇಳಿಸುತ್ತಿರಿ. ದನಿ ಇಳಿದು ಭಾರವಾದಂತೆ ಅನಿಸಿದರೆ, ಕಬ್ಬಿಣ ಕಾದ ವಾಸನೆ ಬಂದರೆ ತಕ್ಷಣ ಥ್ರಾಟಲ್ ಇಳಿಸಿ ನಿಲ್ಲಿಸಿ.

ದಡಕ್ಕೆ ಬಂದ ಮೇಲೆ ಸಿಹಿನೀರು ಹಾಯಿಸಿ, ಇಂಜಿನ್ ನೆಟ್ಟಗೆ ನಿಲ್ಲಿಸಿ ನೀರು ಬಸಿಯಲು ಬಿಡಿ. ಮರುದಿನ ಬೆಳಿಗ್ಗೆ ಗೇರ್‌ಬಾಕ್ಸಿನ ಕೆಳಗಿನ ಸ್ಕ್ರೂ ಒಂದು ಸುತ್ತು ಸಡಿಲಿಸಿ ಎರಡು ಹನಿ ಎಣ್ಣೆ ಬೀಳಿಸಿ ನೋಡಿ. ಬಣ್ಣ ಬೆಳ್ಳಗಾಗಿದ್ದರೆ ಸೀಲ್ ಸರಿಯಾಗಿ ಕೂತಿಲ್ಲ, ಮತ್ತೆ ಬಿಚ್ಚಿ. ಹಾಕಿದ ಬಣ್ಣದಲ್ಲೇ ಇದ್ದರೆ ಸ್ಕ್ರೂ ಬಿಗಿ ಮಾಡಿ, ಪ್ಲಗ್ ಮತ್ತು ಹೆಡ್ ಬೋಲ್ಟುಗಳ ಬಿಗಿ ಇನ್ನೊಮ್ಮೆ ನೋಡಿ, ಬಲೆ ಹತ್ತಿಸಿ.